ನೀರಿನ ಡಬ್ಬಿಗೊಂದು ಮುಖ

ನನ್ನ ಕೈಯಲ್ಲಿ ಒಳಗಿನ ಕೆಲಸ ಎಂದೂ ಕೆಡುವುದಿಲ್ಲ, ಹೊರಗಿನದು ಎಂದೂ ನೆಟ್ಟಗಾಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ನಡೆದುಕೊಂಡು ಬಂದಿದೆ. ಮುಂಬೈಯ ಪವಾಯಿಯಲ್ಲಿರುವ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ಸಹಾಯಕಿ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಕುಕ್ಕರಿನ ಸೀಟಿ ಎಣಿಸುವ ಡಬ್ಬಿ, ಹಾಲು ಉಕ್ಕುವ ಮೊದಲು ಕೂಗುವ ಡಬ್ಬಿ, ಗಂಡನನ್ನು ಎಬ್ಬಿಸುವ ಡಬ್ಬಿ, ಎಲ್ಲ ಮಾಡಿದ್ದೇನೆ. ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಯಾವ ಗುಂಡಿ ಯಾವುದಕ್ಕೆ ಎಂದು ಮೇಲೆ ಅಚ್ಚುಕಟ್ಟಾಗಿ ಬರೆಯುವ ಕಲೆ ನನಗೆ ಒಲಿದಿಲ್ಲ. ಹೀಗಾಗಿ ನನ್ನ ಡಬ್ಬಿಗಳನ್ನು ನನ್ನ ಮನೆಯವರೇ ಮುಟ್ಟುವುದಿಲ್ಲ.

ಮನೆಯೊಳಗೆ ಇದ್ದಷ್ಟು ದಿನ ಈ ಕೊರತೆ ನಡೆಯಿತು. ಬಿಲ್ಡಿಂಗಿಗೆ ಒಂದು ಡಬ್ಬಿ ಮಾಡಲು ಹೋದಾಗ ಪೇಚಿಗೆ ಸಿಕ್ಕಿಕೊಂಡೆ.

೧. ಮೊಣಕಾಲು

ವಡಾಲದ ನಮ್ಮ ಬಿಲ್ಡಿಂಗಿಗೆ ಐದು ಮಾಳಿಗೆ. ಲಿಫ್ಟ್ ಇಲ್ಲ. ನೀರಿನ ಟ್ಯಾಂಕು ಟೆರೇಸಿನ ಮೇಲೆ, ಪಂಪು ಕೆಳಗೆ. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ನೋಡುವುದಕ್ಕೆ, ಪಂಪು ನೋಡಿಕೊಳ್ಳುವ ನಮ್ಮ ಪಂಪ್ ಕಾಕಾ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಕು. ಕಾಕಾ ನಮ್ಮ ವಿಜಯಪುರದ ಕಡೆಯವರು, ಅರವತ್ತರ ಹತ್ತಿರ. ಒಂದು ದಿನ ಮೂರನೇ ಮಾಳಿಗೆಯ ಮೆಟ್ಟಿಲ ಮೇಲೆ ಮೊಣಕಾಲು ತಿಕ್ಕುತ್ತ ಕೂತಿದ್ದರು.

"ಏನಾತು ಕಾಕಾ?" ಅಂದೆ.

"ಹತ್ತೂದು ಹೆಂಗರ ಆಗತೈತ್ರಿ ಅಕ್ಕಾರ. ಇಳಿಯೂದ ಆಗವಲ್ದು. ಮ್ಯಾಲೇ ಇದ್ದು ಬಿಡಲೇನು ಅನಸ್ತೈತಿ."

ಎರಡು ಭಾನುವಾರ ಕೂತು ಒಂದು ಯಂತ್ರ ಮಾಡಿದೆ. ಟ್ಯಾಂಕಿನಲ್ಲಿ ಇಳಿಬಿಟ್ಟ ತಂತಿ, ಕೆಳಗೆ ಪಂಪಿನ ಪಕ್ಕ ಒಂದು ಡಬ್ಬಿ, ಅದರ ಮೇಲೆ ಒಂದರ ಕೆಳಗೊಂದು ಐದು ದೀಪ. ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ದೀಪ ಹತ್ತುತ್ತದೆ. ಕಾಕಾ ಕುರ್ಚಿಯ ಮೇಲೆ ಕೂತು ನೋಡಿದರಾಯಿತು. ಡಬ್ಬಿ ಮಗಳ ಹಳೆಯ ಟಿಫಿನ್ನಿನದು, ಅಕ್ಷರ ನನ್ನ ಸ್ಕೆಚ್ ಪೆನ್ನಿನದು.

ಅದನ್ನು ಹಿಡಿದುಕೊಂಡು ಗಂಡನ ಜೊತೆ ಬಿಲ್ಡಿಂಗಿನ ಮೀಟಿಂಗಿಗೆ ಹೋದೆ. ನಮ್ಮ ಸೆಕ್ರೆಟರಿ ಉಡುಪಿ ಕಡೆಯವರು. ಮೂವತ್ತು ವರ್ಷ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ದೀಪ ಹತ್ತಿಸಿ ತೋರಿಸಿದೆ. ಎಲ್ಲರೂ ತಲೆದೂಗಿದರು. ಸೆಕ್ರೆಟರಿ ಡಬ್ಬಿಯನ್ನು ತಿರುವಿ ಮುರುವಿ ನೋಡಿ ನನ್ನ ಗಂಡನಿಗೆ ಹೇಳಿದರು, "ಒಳ್ಳೇದುಂಟು ಸರ್. ಆದ್ರೆ ಗೋಡೆಗೆ ಹಾಕ್ಲಿಕ್ಕೆ ಆಗುದಿಲ್ಲ. ಇದರ ಮುಖ ನೋಡಿ ಮಾರಾಯ್ರೆ. ಸಾಂಬಾರ್ ಎಷ್ಟು ಲಾಯ್ಕಿದ್ರೂ ಬೋರ್ಡ್ ಇಲ್ಲದ ಹೋಟೆಲಿಗೆ ನೀವು ಹೋಗ್ತೀರಾ?"

ನನ್ನ ಗಂಡ ಮಲಾಡಿನ ಬಟ್ಟೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕ್ಲರ್ಕ್. ಫ್ಯೂಸ್ ಹೋದರೂ ನನ್ನನ್ನೇ ಕರೆಯುವವನು. ಅವನು ಗಂಭೀರವಾಗಿ "ಇಲ್ಲ" ಎಂದ.

ದೀಪಾವಳಿ ಕಳೆದ ಮೇಲಿನ ಮೀಟಿಂಗಿಗೆ ಕಂಪನಿಯ ಸಾಮಾನಿನಂಥ ಮುಖ ಮಾಡಿಸಿಕೊಂಡು ತಂದರೆ ಹಾಕುವುದು, ಇಲ್ಲವಾದರೆ ಈಗಿದ್ದಂತೆಯೇ ನಡೆಯುವುದು ಎಂದು ತೀರ್ಮಾನವಾಯಿತು. "ಈಗ ತೊಂದರೆ ಏನಿದೆ, ಅವನು ಹತ್ತುತ್ತಾನಲ್ಲ" ಎಂದರು ಒಬ್ಬರು. ಅವರ ಮನೆ ಗ್ರೌಂಡ್ ಫ್ಲೋರಿನಲ್ಲಿದೆ.

೨. ಯಾವ ಭಾಷೆ

ಅಲ್ಯೂಮಿನಿಯಂ ತಗಡು ತಂದೆ, ದೀಪಕ್ಕೆ ತೂತು ಕೊರೆದೆ. ಇನ್ನು ಪ್ರತಿ ದೀಪದ ಪಕ್ಕ ಏನು ಬರೆಯಬೇಕು ಎಂದು ಸೆಕ್ರೆಟರಿಯನ್ನು ಕೇಳಿದ್ದೇ ತಪ್ಪಾಯಿತು. ಅವರು ಆ ಪ್ರಶ್ನೆಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರು. ಎರಡನೇ ಮಾಳಿಗೆಯವರು ಮರಾಠಿ ಅಂದರು, ನಾಲ್ಕನೆಯವರು ಗುಜರಾತಿ ಅಂದರು, ಬಾಡಿಗೆಗಿರುವ ಹುಡುಗರು ಇಂಗ್ಲಿಷ್ ಅಂದರು. ಸೆಕ್ರೆಟರಿ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಮೂಲೆಯಲ್ಲಿ ಕನ್ನಡ ಇರ್ಲಿ ಅಮ್ಮ, ನಮ್ಮವರಂತ ಹೇಳುದು" ಎಂದರು.

ತಗಡು ಒಂದು ಗೇಣು ಉದ್ದ, ಅರ್ಧ ಗೇಣು ಅಗಲ. ನಾಲ್ಕು ಲಿಪಿ ಹಾಕಿದರೆ ದೀಪಕ್ಕೆ ಜಾಗವಿಲ್ಲ. ಒಂದು ವಾರ ತಲೆ ಕೆಟ್ಟು ಮೊಸರಾಯಿತು. ಕೊನೆಗೆ ಹೊಳೆಯಿತು, ಇದನ್ನು ನೋಡುವವರು ಒಬ್ಬರೇ. ಹೋಗಿ ಅವರನ್ನೇ ಕೇಳಿದೆ, "ಕಾಕಾ, ನಿಮಗ ಯಾವ ಭಾಷಾ ಓದಾಕ ಬರತೈತಿ?"

"ಯಾವುದೂ ಬರೂದಿಲ್ರಿ" ಎಂದರು ಕಾಕಾ. "ನಾ ದೀಪಾ ನೋಡತೇನ್ರಿ."

ಸೆಕ್ರೆಟರಿಯ ಬಳಿ ಓಡಿದೆ. ಓದುವವರಿಗೇ ಓದಲು ಬಾರದ ಮೇಲೆ ಅಕ್ಷರ ಯಾತಕ್ಕೆ, ಬರೀ ದೀಪ ಇರಲಿ ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಓದ್ಲಿಕ್ಕೆ ಅಲ್ಲ ಅಮ್ಮ" ಎಂದರು. "ಇರ್ಬೇಕು."

೩. ಉಲ್ಟಾದ ಉಲ್ಟಾ

ಕೊನೆಗೆ ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷ್ ಅಕ್ಷರದಲ್ಲಿ ಮೇಲೆ 'ಫುಲ್', ಕೆಳಗೆ 'ಖಾಲಿ', ನಡುವೆ ಎಪ್ಪತ್ತೈದು, ಐವತ್ತು, ಇಪ್ಪತ್ತೈದು ಎಂಬ ಅಂಕಿ ಎಂದಾಯಿತು. ತಗಡಿನ ಮೇಲೆ ಅಕ್ಷರ ಮೂಡಿಸಲು ಲ್ಯಾಬಿನಲ್ಲಿ ನಾವು ಬಳಸುವ ಒಂದು ಉಪಾಯ ಉಂಟು. ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು, ಅದನ್ನು ತಗಡಿನ ಮೇಲೆ ಬೋರಲು ಹಾಕಿ, ಮೇಲಿಂದ ಇಸ್ತ್ರಿ ತಿಕ್ಕಬೇಕು. ಮಸಿ ಕರಗಿ ತಗಡಿಗೆ ಅಂಟುತ್ತದೆ. ಕಾಗದ ಬೋರಲಾಗುವುದರಿಂದ ಅಕ್ಷರಗಳನ್ನು ಮೊದಲೇ ಉಲ್ಟಾ ಪ್ರಿಂಟ್ ತೆಗೆದಿರಬೇಕು. ಕೇಳಲು ಸುಲಭ.

ನಾನು ಕಂಪ್ಯೂಟರಿನಲ್ಲಿ ಉಲ್ಟಾ ಮಾಡಿ ಮಗಳ ಕೈಗೆ ಕೊಟ್ಟೆ. ಅವಳು ತನ್ನ ಕಾಲೇಜಿನಲ್ಲಿ ಪ್ರಿಂಟ್ ತಂದಳು. ತಿಕ್ಕಿದೆ. ತಗಡಿನ ಮೇಲೆ ಎಲ್ಲ ಅಕ್ಷರ ಉಲ್ಟಾ ಮೂಡಿದವು.

"ಅಮ್ಮಾ, ನಾನು ಪ್ರಿಂಟ್ ಮಾಡುವಾಗ ಮಿರರ್ ಮಾಡಿದೆ ನಾ" ಎಂದಳು ಮಗಳು. "ನೀನು ಭೂಲ್ ಜಾತೀ ಹೋ, ಮರೆತುಬಿಡ್ತೀಯ ಅಂತ."

ಇಬ್ಬರೂ ಉಲ್ಟಾ ಮಾಡಿದ್ದರಿಂದ ಕಾಗದದಲ್ಲಿ ಸೀದಾ ಬಂದಿತ್ತು, ಅದಕ್ಕೇ ತಗಡಿನಲ್ಲಿ ಉಲ್ಟಾ. ಎರಡನೇ ಸಲ ಅವಳು ಮಾಡುತ್ತಾಳೆಂದು ನಾನು ಬಿಟ್ಟೆ, ನಾನು ಬೈಯುತ್ತೇನೆಂದು ಅವಳು ಬಿಟ್ಟಳು. ಮತ್ತೆ ಉಲ್ಟಾ. ಮೂರನೇ ಪ್ರಿಂಟ್ ಬಂದಾಗ ಸಂಶಯವೇ ಬೇಡ ಎಂದು ಮೂವರೂ ಕಾಗದ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತೆವು. ಕನ್ನಡಿಯಲ್ಲಿ ಸೀದಾ ಕಂಡಿತು. ಹಾಗಾದರೆ ಕಾಗದ ಉಲ್ಟಾ ಇದೆ, ಅಂದರೆ ಸರಿಯಾಗಿದೆ ಎಂದೆ. ಉಲ್ಟಾ ಇದ್ದದ್ದು ಸರಿ ಹೇಗಾಗುತ್ತದೆ ಎಂದ ಗಂಡ. ಕಾಲು ಗಂಟೆ ವಾದ ನಡೆಯಿತು. ಕೊನೆಕೊನೆಗೆ ನನ್ನ ಬಲಗೈ ಯಾವುದು ಎಂಬುದೇ ನನಗೆ ಗೊತ್ತಾಗದಂತಾಯಿತು.

"ಇಷ್ಟ್ಯಾಕ ತಲಿ ಕೆಡಿಸ್ಕೋತಿ" ಎಂದ ಗಂಡ. "ಮೊದಲಿನ ತಗಡ ಹಾಕು. ಎದುರಿಗಿನ ಗ್ವಾಡಿಗೆ ಒಂದು ಕನ್ನಡಿ ಹಚ್ಚಿಬಿಡು. ಕಾಕಾ ಕನ್ನಡಿ ನೋಡಲಿ."

೪. ಗಂಡನ ಬೆನ್ನು

ಆ ಮೂರನೇ ಕಾಗದವನ್ನು ಇಸ್ತ್ರಿಯ ಮೇಜಿನ ಮೇಲೆ ಇಟ್ಟು ತಗಡು ತೊಳೆಯಲು ಹೋದೆ. ಅಷ್ಟರಲ್ಲಿ ಗಂಡನಿಗೆ ಆಫೀಸಿನ ಅವಸರ. ಕಾಗದದ ಮೇಲೆಯೇ ತನ್ನ ತಿಳಿನೀಲಿ ಅಂಗಿ ಹಾಸಿ, ಎದೆಯ ಭಾಗವನ್ನು ಒತ್ತಿ ಒತ್ತಿ ಇಸ್ತ್ರಿ ಮಾಡಿ, ತೊಟ್ಟುಕೊಂಡು ಲೋಕಲ್ ಹಿಡಿಯಲು ಓಡಿದ. ನಾನು ಬಂದು ನೋಡಿದರೆ ಕಾಗದ ಬಿಳಿ ಬಿಳಿ. ಒಂದು ಅಕ್ಷರವಿಲ್ಲ. ಮಸಿ ಎಲ್ಲಿ ಹೋಯಿತು ಎಂದು ಮೇಜಿನ ಕೆಳಗೂ ಹುಡುಕಿದೆ.

ಸಂಜೆ ಗಂಡ ಗೊಂದಲದಲ್ಲಿ ಬಂದ. "ಇವತ್ತ ಆಫೀಸ್ನ್ಯಾಗ ಏನೋ ನಡದೈತಿ" ಎಂದ. "ಹಿಂದ ಕೂಡೋ ಜನಾ ತಾಸಿಗೊಮ್ಮೆ ಏನೋ ಕೂಗತಾರ. ಹನ್ನೊಂದಕ್ಕ ಇಪ್ಪತ್ತೈದು ಅಂದ್ರು. ಊಟದ ಹೊತ್ತಿಗೆ ಐವತ್ತು ಅಂದ್ರು. ಕ್ರಿಕೆಟ್ ಇರಬೇಕಂತ ನಾನೂ ಯಾರು ಆಡಾಕತ್ತಾರಂತ ಕೇಳಿದ್ನಿ. ಎಲ್ಲಾರೂ ನಕ್ಕರು."

ನಾನು ಅವನನ್ನು ತಿರುಗಿಸಿ ನಿಲ್ಲಿಸಿದೆ. ಕುತ್ತಿಗೆಯ ಕೆಳಗೆ 'ಫುಲ್', ಸೊಂಟದ ಮೇಲೆ 'ಖಾಲಿ', ನಡುವೆ ಅಂಕಿಗಳು, ಎಲ್ಲವೂ ಸೀದಾ, ಎಲ್ಲವೂ ಅಚ್ಚುಕಟ್ಟು. ಎರಡು ಸಲ ತಿಕ್ಕಿದರೂ ತಗಡಿಗೆ ಹೀಗೆ ಬಂದಿರಲಿಲ್ಲ. ಅಕ್ಟೋಬರಿನ ಸೆಕೆ ಬೇರೆ. ಕುರ್ಚಿಗೆ ಒರಗಿದ ಬೆನ್ನು ಸೊಂಟದಿಂದ ಮೇಲಕ್ಕೆ ಬೆವರುತ್ತ ಹೋಗಿತ್ತು, ಒದ್ದೆ ಎಲ್ಲಿಯವರೆಗೆ ಏರಿತು ಎಂದು ಹಿಂದಿನವರು ಓದುತ್ತ ಹೋಗಿದ್ದರು.

"ಬರುವಾಗ ಟ್ರೇನ್ನಾಗ ಯಾರರ ಏನರ ಅಂದ್ರೇನು?" ಎಂದು ಕೇಳಿದೆ.

"ಮಾಹಿಮ್ ದಾಟಿದ ಮ್ಯಾಲೆ ಒಬ್ಬಾಂವ ಬೆನ್ನ ತಟ್ಟಿದ" ಎಂದ ಗಂಡ. "ಕಾಕಾ, ಫುಲ್ ಹೋ ಗಯಾ, ಪಂಪ್ ಬಂದ್ ಕರೋ ಅಂದ."

೫. ಮರ್ಯಾದಸ್ಥರ ಮನೆಯ ಪದ್ಧತಿ

ಅಂಗಿಯ ಸಿಟ್ಟು ಇಳಿದ ಮೇಲೆ ಗಂಡನೇ ಒಂದು ದಾರಿ ಹೇಳಿದ. ಮಲಾಡಿನಲ್ಲಿ ಅವನ ಆಫೀಸಿನ ಕೆಳಗೆ ಸ್ಟೀಲ್ ಪಾತ್ರೆಯ ಅಂಗಡಿ ಇದೆ. ಅಲ್ಲಿ ಒಬ್ಬ ಮುದುಕ ಕೊರೆಯುವ ಮಷೀನು ಹಿಡಿದು ಮದುವೆಗೆ ಕೊಡುವ ಪಾತ್ರೆಗಳಿಗೆ ಹೆಸರು ಹಾಕುತ್ತಾನೆ. ನಲವತ್ತು ವರ್ಷದ ಕೈ. ಅವನು ಕೊರೆದ ಅಕ್ಷರ ಮದುವೆಯಾದವರ ಮೊಮ್ಮಕ್ಕಳ ಕಾಲಕ್ಕೂ ಅಳಿಸುವುದಿಲ್ಲ. ಹೊಸ ತಗಡು, ಜೊತೆಗೆ ಅದೇ ಅಳತೆಯ ಕಾಗದದ ಮೇಲೆ ಏನೇನು ಬರೆಯಬೇಕು ಎಂಬುದನ್ನು ಕೊಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ಪೇಪರಿನಲ್ಲಿ ಸುತ್ತಿದ ತಗಡು ಬಂತು. ಬಿಚ್ಚಿ ನೋಡಿದೆ. ಫಳಫಳ ಹೊಳೆಯುತ್ತಿದೆ, ಒಂದು ಚುಕ್ಕೆಯೂ ಇಲ್ಲ.

"ಬರದೇ ಇಲ್ಲಲ್ಲ."

"ಹಿಂದ ನೋಡು."

ಹಿಂಬದಿಯ ಕೆಳಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣಗೆ, ಒಂದೇ ಸಾಲಿನಲ್ಲಿ, ಫುಲ್ಲಿನಿಂದ ಖಾಲಿಯವರೆಗೆ ಎಲ್ಲವೂ ಇತ್ತು. ಅದರ ಮುಂದೆ ಗಂಡನ ಇನಿಷಿಯಲ್ಲು, ಆವತ್ತಿನ ತಾರೀಖು. ಗಂಡ ಮುದುಕನ ಪರವಾಗಿ ವಕೀಲಿ ಮಾಡಿದ. ಒಳ್ಳೆಯ ಮನೆತನದವರು ಪಾತ್ರೆಯ ಎದುರಿಗೆ ಹೆಸರು ಹಾಕಿಸುವುದಿಲ್ಲವಂತೆ, ನೋಡಿದವರು ನಗುತ್ತಾರಂತೆ. ನಿಮ್ಮ ಮನೆಯವರು ಕಾಗದದಲ್ಲಿ ದೊಡ್ಡದಾಗಿ ಬರೆದಿದ್ದರು, ಹೆಣ್ಣುಮಕ್ಕಳಿಗೆ ಗೊತ್ತಾಗುವುದಿಲ್ಲ, ನಾನು ಸುಧಾರಿಸಿದ್ದೇನೆ ಎಂದನಂತೆ.

"ಅಲ್ರೀ, ಹಿಂದ ಬರದ್ರ ಯಾರಿಗೆ ಕಾಣಸ್ತೈತಿ?"

"ನಾನೂ ಅದನ್ನ ಕೇಳಿದ್ನಿ" ಎಂದ ಗಂಡ. "ಯಾರರ ಕದ್ದ ಒಯ್ದ್ರ, ಅವರ ಮನೀಗೆ ಹೋಗಿ ತಿರಿವಿ ತೋರಸ್ರಿ ಅಂದ."

೬. ಸಣ್ಣ ಅಕ್ಷರ

ಮೀಟಿಂಗಿಗೆ ಎಂಟು ದಿನ ಉಳಿದಿತ್ತು. ಕಾಕಾ ದಿನಾ ಸಂಜೆ ನನ್ನ ಬರವನ್ನೇ ಕಾಯುತ್ತಿದ್ದರು, ನನ್ನ ಚೀಲದ ಕಡೆ ನೋಡುತ್ತಿದ್ದರು.

ಪವಾಯಿಯಲ್ಲಿ ಡಾಕ್ಟರುಗಳಿಗೆ ಬೋರ್ಡು ಮಾಡಿಕೊಡುವವನೊಬ್ಬ ಸಿಕ್ಕಿದ. ಅಕ್ಷರಗಳನ್ನು ಪಾರದರ್ಶಕ ಹಾಳೆಯಲ್ಲಿ ಅಚ್ಚು ಮಾಡಿ, ಅಕ್ರಿಲಿಕ್ ಹಲಗೆಯ ಹಿಂದೆ ಅಂಟಿಸಿ, ಬೆನ್ನಿಗೆ ಕಪ್ಪು ಬಣ್ಣ ಹೊಡೆಯುತ್ತಾನೆ. ಮುಂದಿನಿಂದ ನೋಡಿದರೆ ಗಾಜಿನೊಳಗೆ ಅಕ್ಷರ ಕೂತಂತೆ ಕಾಣುತ್ತದೆ. ಉಲ್ಟಾ ಸೀದಾ ಎಲ್ಲ ಅವನ ತಲೆನೋವು. ಎಲ್ಲ ಹಾಕಿದ ಮೇಲೂ ಕೆಳಗೆ ಎರಡು ಬೆರಳು ಜಾಗ ಉಳಿಯಿತು. ಬೋಳು ಬೋಳಾಗಿ ಕಂಡಿತು. ಕಂಪನಿಯ ಸಾಮಾನಿನ ಮೇಲೆ ಇರುತ್ತದಲ್ಲ ಎಂದು ಒಂದು ಮಾಡೆಲ್ ನಂಬರು ಹಾಕಿಸಿದೆ, ನಮ್ಮ ಫ್ಲ್ಯಾಟ್ ನಂಬರೇ. ಇನ್ನೂ ಜಾಗ ಉಳಿಯಿತು. ಲ್ಯಾಬಿನ ಮಷೀನುಗಳ ಮೇಲೆ ಇರುವ ಮಾತನ್ನೇ ಇಂಗ್ಲಿಷಿನಲ್ಲಿ ಸಣ್ಣಗೆ ಹಾಕಿಸಿದೆ. ಅಧಿಕೃತ ತಂತ್ರಜ್ಞರ ಹೊರತು ಬೇರೆ ಯಾರೂ ತೆರೆಯಬಾರದು ಎಂಬುದು ಅದರ ಅರ್ಥ. ಯಾರು ಓದುತ್ತಾರೆ ಎಂದುಕೊಂಡೆ.

ಹಲಗೆಯನ್ನು ಡಬ್ಬಿಗೆ ಅಲ್ಲಿಯೇ ಕೂರಿಸಿಕೊಂಡು ತರುವಾಗ ಕುರ್ಲಾ ಸ್ಟೇಷನ್ನಿನಲ್ಲಿ ಪೊಲೀಸಮ್ಮ ಚೀಲ ಬಿಚ್ಚಿಸಿದಳು. ಹಿಂದೆ ಟಿಫಿನ್ ಡಬ್ಬಿಯನ್ನು ಲ್ಯಾಬಿಗೆ ಒಯ್ಯುವಾಗ ಇದೇ ಪೊಲೀಸಮ್ಮ ತಂತಿ ನೋಡಿ ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದಳು. ಈ ಸಲವೂ ಒಳಗೆ ಅದೇ ತಂತಿ. ಅವಳು ಹಲಗೆಯ ಮೇಲಿನ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದಳು, ಓದಿದಳೋ ಇಲ್ಲವೋ ತಿಳಿಯದು. "ಕಂಪನಿ ಕಾ ಹೈ" ಎಂದು ಚೀಲ ತಾನೇ ಮುಚ್ಚಿ ಕೊಟ್ಟಳು. ಒಳಗಿನದು ಏನು ಎಂದು ಕೇಳಲೇ ಇಲ್ಲ.

೭. ಅಧಿಕೃತ

ಮೀಟಿಂಗಿನಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ. ಸೆಕ್ರೆಟರಿ ಹಲಗೆ ಸವರಿ, "ಇದು ನೋಡಿ, ಇದು ಸಾಮಾನು" ಎಂದರು. ಡಬ್ಬಿ ಗೋಡೆಗೇರಿತು, ತೆಂಗಿನಕಾಯಿ ಒಡೆದರು, ಕಾಕಾ ಕುರ್ಚಿ ತಂದು ಎದುರಿಗೆ ಹಾಕಿಕೊಂಡರು. ನನಗೆ ಬಹಳ ಸಂತೋಷವಾಯಿತು.

ಒಂದು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಐದೂ ದೀಪ ಹತ್ತಿ ನಿಂತುಬಿಟ್ಟಿವೆ, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಒಳಗೆ ಇರುವೆ ಸೇರಿರಬೇಕು ಎಂದು ಸ್ಕ್ರೂಡ್ರೈವರ್ ಹಿಡಿದು ಇಳಿದೆ. ಡಬ್ಬಿಯ ಮುಂದೆ ಸೆಕ್ರೆಟರಿ ಲುಂಗಿ ಉಟ್ಟು ಅಡ್ಡ ನಿಂತಿದ್ದರು.

"ಎಂತ ಮಾಡ್ತೀರಿ ಅಮ್ಮ?"

"ಬಿಚ್ಚಿ ನೋಡ್ತೇನೆ."

"ಬಿಚ್ಲಿಕ್ಕಿಲ್ಲ. ಇಲ್ಲಿ ಓದಿ. ಅಧಿಕೃತ ತಂತ್ರಜ್ಞರು ಮಾತ್ರ."

"ಅದನ್ನು ಬರೆಸಿದ್ದು ನಾನೇ."

"ಬರೆಸಿದ್ದು ಯಾರೇ ಇರ್ಲಿ. ಬರ್ದು ಆಗಿದೆಯಲ್ಲ."

"ಅಧಿಕೃತ ಅಂದ್ರೂ ನಾನೇ. ಇದನ್ನು ಮಾಡಿದವಳು ನಾನು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಲ್ಲಿ ಬರ್ದುಂಟು?" ಎಂದರು.

ನನ್ನ ಮೈಮೇಲೆ ಎಲ್ಲಿಯೂ ಬರೆದಿರಲಿಲ್ಲ. ಮೇಲೆ ಹೋಗಿ ನನ್ನದೊಂದು ಫೋಟೋ, ಕೆಳಗೆ 'ಅಧಿಕೃತ ತಂತ್ರಜ್ಞೆ' ಎಂದು ಇಂಗ್ಲಿಷಿನಲ್ಲಿ, ಅದರ ಕೆಳಗೆ ಅದೇ ಮಾಡೆಲ್ ನಂಬರು ಇಟ್ಟು ಕಾರ್ಡು ತಯಾರಿಸಿದೆ. ಮಗಳು ಓಡಿಹೋಗಿ ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದಳು. ಕೊರಳಿಗೆ ತೂಗುಹಾಕಿಕೊಂಡು ಮತ್ತೆ ಇಳಿದೆ. ಸೆಕ್ರೆಟರಿ ಕನ್ನಡಕ ಏರಿಸಿ ಫೋಟೋ ನೋಡಿದರು, ನನ್ನ ಮುಖ ನೋಡಿದರು, ಇನ್ನೊಮ್ಮೆ ಫೋಟೋ ನೋಡಿದರು. ಹದಿನಾಲ್ಕು ವರ್ಷದಿಂದ ಎದುರು ಬದುರು ಮನೆ ನಮ್ಮದು.

"ಈಗ ಸರಿ ಆಯ್ತು" ಎಂದು ಪಕ್ಕಕ್ಕೆ ಸರಿದರು. "ಬನ್ನಿ ಮೇಡಂ."

ಐದು ನಿಮಿಷದಲ್ಲಿ ಇರುವೆ ಕೊಡವಿ ಸರಿಮಾಡಿದೆ. ಅಷ್ಟರಲ್ಲಿ ಕಾಕಾ ಮೇಲಿನಿಂದ ಮೆಟ್ಟಿಲ ಕಟಕಟೆ ಹಿಡಿದು ಇಳಿದರು, ಹೆಗಲ ಮೇಲೆ ಯಾರದೋ ಎರಡು ಚಾದರ.

"ದೀಪಾ ಸರಿ ಆಗಿ ಬಿಟ್ವು ಕಾಕಾ, ಇನ್ನ ಹತ್ತಬ್ಯಾಡ್ರಿ" ಎಂದೆ.

"ನೀರಿಗೆ ನಾ ಹತ್ತಿ ತಿಂಗಳಾತ್ರಿ ಅಕ್ಕಾರ. ಖಾಲಿ ಕುಂತಾನಂತ ಈಗ ಎಲ್ಲಾರೂ ಕಳಸ್ತಾರ. ಚಾದರ ತಾ ಅಂತಾರ, ಮೆಣಸಿನಕಾಯಿ ತಿರಿವಿ ಬಾ ಅಂತಾರ. ಮೊದಲ ನಾಕ ಸಲ ಇತ್ತು, ಈಗ ಆರ ಸಲ ಆಗೇತ್ರಿ."

ಮೂರು ತಿಂಗಳು ಒದ್ದಾಡಿ ನಾನು ಆ ಮೊಣಕಾಲಿಗೆ ಎರಡು ಸಲ ಕೂಡಿಸಿದ್ದೆ. ಕಾಕಾ ನನ್ನ ಕೊರಳನ್ನೇ ನೋಡುತ್ತಿದ್ದರು.

"ಅಕ್ಕಾರ, ಇಂಥಾದ್ದ ನನಗೊಂದ ಮಾಡಿ ಕೊಡ್ರಿ."

"ಏನ ಬರೀಲಿ?"

"ನನಗೇನ ಗೊತ್ತರಿ? ಸಣ್ಣ ಅಕ್ಷರದಾಗ ಬರೀರಿ. ಸಣ್ಣ ಅಕ್ಷರಕ್ಕ ಜನಾ ಅಂಜತಾರ."

ಅವತ್ತೇ ಮಾಡಿದೆ. ಕಾಕಾನ ಫೋಟೋ, ಮಾಡೆಲ್ ನಂಬರು, ಅದರ ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ, ಇವರನ್ನು ಮೊದಲ ಮಾಳಿಗೆಯಿಂದ ಮೇಲಕ್ಕೆ ಕಳಿಸತಕ್ಕದ್ದಲ್ಲ, ಕಳಿಸಿದಲ್ಲಿ ವಾರಂಟಿ ರದ್ದಾಗುತ್ತದೆ. ಯಾವುದರ ವಾರಂಟಿ ಎಂದು ನಾನೂ ಯೋಚಿಸಲಿಲ್ಲ.

ಮುಂದಿನ ಭಾನುವಾರ ಸೆಕ್ರೆಟರಿಯ ಹೆಂಡತಿ ಟೆರೇಸಿನಲ್ಲಿ ಹಪ್ಪಳ ಒಣಗಿಸಿದ್ದರು. ಪಾರಿವಾಳ ಮುಟ್ಟುವ ಮೊದಲು ತೆಗೆಸಿ ಎಂದು ತಮ್ಮ ಗಂಡನಿಗೆ ಹೇಳಿದರು. ಸೆಕ್ರೆಟರಿ ಕೆಳಗೆ ಬಂದು ಕಾಕಾನಿಗೆ ಹೇಳಿದರು. ಕಾಕಾ ಕುರ್ಚಿಯಿಂದ ಏಳಲಿಲ್ಲ, ಕಾರ್ಡು ಎತ್ತಿ ಹಿಡಿದರು. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಕೊನೆಯ ಅಕ್ಷರದವರೆಗೆ ಓದಿದರು. ಕಾರ್ಡು ತಿರುಗಿಸಿ ಹಿಂದೇನಾದರೂ ಇದೆಯೇ ನೋಡಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿಕೊಂಡು ತಾವೇ ಮೆಟ್ಟಿಲು ಹತ್ತಿದರು.

ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆದೆ. ಮೂರನೇ ಮಾಳಿಗೆಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಹಪ್ಪಳದ ತಟ್ಟೆ ಇಟ್ಟುಕೊಂಡು, ಸೆಕ್ರೆಟರಿ ಮೊಣಕಾಲು ತಿಕ್ಕುತ್ತ ಕೂತಿದ್ದರು.

"ಹತ್ತುದು ಹೇಗಾದ್ರೂ ಆಗ್ತದೆ ಮೇಡಂ" ಎಂದರು. "ಇಳಿಲಿಕ್ಕೇ ಆಗುದಿಲ್ಲ." ಮೇಲೆ ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು. "ನನಗೂ ಒಂದು ಕಾರ್ಡ್ ಮಾಡಿ ಕೊಡಿ. ನನ್ನ ಹೆಂಡತಿಗೆ ತೋರಿಸ್ಲಿಕ್ಕೆ. ಅಕ್ಷರ ಆದಷ್ಟು ಸಣ್ಣದಿರ್ಲಿ."